ಸಯಕಲ್ ಹೆಸರಿನ ಎರಡನೇ ಸಾಲು

ನಾರಿನ್ ಸೀಮೆಯಲ್ಲಿ ಶಾಲಾ ಮಕ್ಕಳ ಪಟ್ಟಿ ಮಾಡುವ ಕಚೇರಿಯೊಂದರಲ್ಲಿ ಬುರುಲ್‌ಗೆ ಕಂಪ್ಯೂಟರ್ ಪ್ರೋಗ್ರಾಮ್ ನೋಡಿಕೊಳ್ಳುವ ಕೆಲಸ. ಹೆತ್ತಿದ್ದು ಒಂದೇ ಮಗು. ಅದನ್ನೂ ಹಾಲು ಬಿಡಿಸಿದ ಕೂಡಲೇ ಅತ್ತೆ ಕಾಲಿಪಾ ಎತ್ತಿಕೊಂಡು ಹಳ್ಳಿಗೆ ಹೋದಳು. ಅಲ್ಲಿನ ರೂಢಿಯಂತೆ ಚೊಚ್ಚಲ ಮಗು ಅಜ್ಜಿಯದು, ಅದರಲ್ಲಿ ಕೇಳುವುದೇನಿದೆ? ಈಗ ಏಳು ವರ್ಷದ ಮಗಳು ಸಯಕಲ್ ಅಜ್ಜಿಯನ್ನು ಅಮ್ಮ ಎನ್ನುತ್ತಾಳೆ, ಹೆತ್ತವಳನ್ನು ಅತ್ತಿಗೆ ಎನ್ನುತ್ತಾಳೆ. ಕರುಳು ಚುರುಕ್ ಎನ್ನದೆ ಇರುತ್ತದೆಯೇ? ಆದರೆ ಸೊಸೆಯಾದವಳು ಮಗು ಕೊಡಿ ಎಂದು ಬಾಯಿಬಿಟ್ಟು ಕೇಳುವುದುಂಟೇ!

ಬುರುಲ್ ಬಾಯಿಬಿಡಲಿಲ್ಲ. ಮೇ ತಿಂಗಳಲ್ಲಿ, ಗಂಡನಿಗೂ ಹೇಳದೆ, ತನ್ನ ಮನೆ ಪಕ್ಕದ ಶಾಲೆಗೆ ಮಗಳ ಹೆಸರು ಬರೆಸಿದಳು. ಅತ್ತೆ ಮಾರ್ಚ್‌ನಲ್ಲೇ ಹಳ್ಳಿ ಶಾಲೆಗೆ ಬರೆಸಿದ್ದು ಅವಳಿಗೆ ಗೊತ್ತಿತ್ತು. ಒಂದೇ ಮಗುವಿನ ಗುರುತಿನ ನಂಬರ್ ಎರಡು ಕಡೆ ಬಂದರೆ ಕಚೇರಿಯ ಹಳೇ ಪೈಥಾನ್ ಪ್ರೋಗ್ರಾಮ್ ಅದನ್ನು ಪಕ್ಕಕ್ಕಿಡುತ್ತಿತ್ತು. ಆಮೇಲೆ ಮನೆಯವರನ್ನು ಕರೆಸಿ, ಮಗು ಎಲ್ಲಿರಬೇಕು ಎಂದು ಕೇಳುತ್ತಿದ್ದರು. ತಾನು ಕೇಳಲಾಗದ್ದನ್ನು ಕಚೇರಿಯೇ ಕೇಳಲಿ ಎಂಬುದು ಅವಳ ಆಸೆ.

ಪಟ್ಟಿ ರಾಜಧಾನಿ ಬಿಷ್ಕೆಕ್‌ಗೆ ಹೋಗುವ ದಿನ ಮೇಲಧಿಕಾರಿ ಕುಬತ್ ಬಂದು ಅವಳ ಬೆನ್ನ ಹಿಂದೆ ನಿಂತ.

"ಏನಮ್ಮ, ಇದು ಪ್ರೋಗ್ರಾಮೋ ಕುರಿ ಉಣ್ಣೆ ಸಿಕ್ಕೋ? ಒಂದ್ ಇಫ್ ಒಳಗೆ ಹದಿನಾಲ್ಕು ಇಫ್! ಅಜ್ಜಿ ಬರೆಸಿದ್ರೆ ಹಂಗೆ, ಅಪ್ಪ ಬರೆಸಿದ್ರೆ ಹಿಂಗೆ. ಎಲ್ಲಾ ಕಿತ್ತಾಕು. ನಂಬರ್ ಆಗ್ಲೇ ಬಂದಿದ್ರೆ ಬಿಡು, ಇಲ್ದಿದ್ರೆ ಸೇರಿಸ್ಕೊ. ಮುಗೀತು."

"ಮನೆಯವರನ್ನ ಒಂದ್ ಮಾತು ಕೇಳೋದ್ ಬೇಡ್ವಾ, ಕುಬತಣ್ಣ?"

"ನಮಗೇನ್ ಬೇರೆ ಕೆಲ್ಸ ಇಲ್ವಾ? ಯಾಕೆ, ನಿಮ್ಮನೇದೂ ಇದ್ಯಾ ಇದ್ರಲ್ಲಿ?"

"ಅಯ್ಯೋ, ಇಲ್ಲಣ್ಣ," ಎಂದುಬಿಟ್ಟಳು. ಹಾಳು ನಾಲಿಗೆ! ಹೌದು ಎಂದಿದ್ದರೆ, ಸೊಸೆ ಅತ್ತೆಯ ಮಡಿಲಿಂದ ಮಗು ಕಸಿಯಲು ಹೊರಟಿದ್ದಾಳೆ ಎಂದು ಸಂಜೆಯೊಳಗೆ ಹಳ್ಳಿಗೆಲ್ಲ ಟಾಂಟಾಂ ಆಗುತ್ತಿತ್ತು.

ಹದಿನಾಲ್ಕು ಇಫ್ ಷರತ್ತು ಹೋಗಿ ಒಂದು ಉಳಿಯಿತು. ಎಷ್ಟು ಅಚ್ಚುಕಟ್ಟಾಗಿ ಬರೆದಳೆಂದರೆ ಕುಬತ್ ಭೇಷ್ ಎಂದ. ಸಯಕಲ್ ಹೆಸರಿನಲ್ಲಿ ಮೊದಲು ಬಂದ ಮಾರ್ಚ್‌ನ ಸಾಲು ನಿಂತಿತು, ಮೇ ತಿಂಗಳದ್ದು ಅಳಿಸಿಹೋಯಿತು. ಅವಳೇ ಪಟ್ಟಿಯನ್ನು ಬಿಷ್ಕೆಕ್‌ಗೆ ಕಳಿಸಿದಳು. ಏನು ಮಾಡಿಯಾಳು, ಪಾಪ.

ಮೂರನೇ ದಿನ ಹಳ್ಳಿಯಿಂದ ಸಯಕಲ್ ಫೋನ್ ಮಾಡಿದಳು.

"ಅತ್ತಿಗೆ, ನಂಗೆ ಇಲ್ಲೇ ಶಾಲೆ ಸಿಕ್ತು! ಪಟ್ಟಿ ಮಾಡಿದ್ದು ನೀವೇ ಅಂತೆ, ಹೌದಾ? ಅಮ್ಮ ನಿಮಗೆ ಒಳ್ಳೇದಾಗ್ಲಿ ಅಂತ ಹೇಳು ಅಂದ್ಲು."

"ಹೂಂ ಪುಟ್ಟಿ," ಎಂದಳು ಬುರುಲ್. "ನಾನೇ ಮಾಡಿದ್ದು."