ಒದ್ದೆ ಗೋಣಿ ಸುತ್ತಿದ ಸೀರೆ

ನಮ್ಮ ಅಪ್ಪ ಕಲ್ಲಣ್ಣ ಯಾರ ಮಾತನ್ನೂ ಕೇಳುವ ಮನುಷ್ಯನಾಗಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ನಿಯಮ ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗದಗದ ಬೆಟಗೇರಿಯ ನೇಕಾರರ ಓಣಿಯಲ್ಲಿ ಅವನಷ್ಟು ನಯವಾಗಿ ನೇಯುವವರು ಮೂರೋ ನಾಲ್ಕೋ ಜನ ಇದ್ದರು. ಅವನಷ್ಟು ಮೊಂಡ ಒಬ್ಬನೂ ಇರಲಿಲ್ಲ. ಮೂರು ಹೊತ್ತು ಕುಡಿಯಿರಿ ಎಂದು ಕೊಟ್ಟ ಔಷಧವನ್ನು ಎರಡು ಹೊತ್ತು ಕುಡಿಯುತ್ತಿದ್ದ. ಮಳೆ ಬರುವ ಹಾಗಿದೆ ಎಂದು ನೆರೆಯವರು ಹೇಳಿದರೆ ಗಂಜಿ ಹಚ್ಚಿದ ನೂಲನ್ನು ಆಗಲೇ ಅಂಗಳದಲ್ಲಿ ಹರವುತ್ತಿದ್ದ. ಎಪ್ಪತ್ತೆರಡನೆಯ ವಯಸ್ಸಿನವರೆಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಬೇಡ ಎಂದು ನಾವೆಲ್ಲ ಹೇಳಿದ್ದರಿಂದಲೇ ಅಷ್ಟು ವರ್ಷ ಕೂತ ಎಂದು ನನ್ನ ನಂಬಿಕೆ.

೧೯೫೬ರ ಮೇ ತಿಂಗಳಲ್ಲಿ ಮುಂಡರಗಿಯಲ್ಲಿ ಒಂದು ಮದುವೆ ಇತ್ತು. ಅಪ್ಪನ ತಂಗಿ ಹನಮಂತವ್ವನ ಒಬ್ಬಳೇ ಮಗಳು ನೀಲಗಂಗವ್ವ ಮದುಮಗಳು. ಮುಹೂರ್ತದಲ್ಲಿ ಅಕ್ಕಿಕಾಳು ಬೀಳುವಾಗ ಹುಡುಗಿ ಉಡುವ ಸೀರೆಯನ್ನು ಸೋದರಮಾವ ತನ್ನ ಕೈಯಾರೆ ನೇಯ್ದು ತರಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಅತ್ತೆಯ ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅಪ್ಪನನ್ನು ಬಿಟ್ಟರೆ ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅಂಗಡಿಯ ಸೀರೆ ಉಡಿಸಿದರೆ, ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

ಬಿಳಿ ಮೈ, ಕೆಂಪು ದಡಿ ಎಂದು ಅಪ್ಪ ಗೊತ್ತುಮಾಡಿದ. ದಡಿಯ ನೂಲಿಗೆ ಬಣ್ಣ ಹಾಕಿದವನು ಬುಡ್ಡೇಸಾಬ.

"ಕಲ್ಲಣ್ಣ, ಈ ಕೆಂಪ ಇನ್ನೂ ಎರಡು ನೀರು ಕಾಣಬೇಕು. ತೊಳದು ಕೊಡ್ತೀನಿ, ನಾಕು ದಿನ ತಡಿ," ಎಂದಿದ್ದ ಅವನು.

"ನಿನಗ ಬಣ್ಣ ಗೊತ್ತು, ನನಗ ನೂಲು ಗೊತ್ತು. ಕೊಡಿಲ್ಲೆ."

"ಒಯ್ಯಿ. ಬಣ್ಣ ಬಿಟ್ರ ಮಾತ್ರ ನನ್ನ ಹೆಸರು ತಗೀಬ್ಯಾಡ."

ಸೀರೆ ಚೆನ್ನಾಗಿಯೇ ಬಂತು. ಇನ್ನು ಉಳಿದದ್ದು ಹಾದಿ. ಡಂಬಳದ ಮೇಲೆ ಹೋದರೆ ಮುಂಡರಗಿ ಇಪ್ಪತ್ತೈದು ಮೈಲಿಯೂ ಇಲ್ಲ. ಅಪ್ಪ ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಿ ಹೋಗೋಣ ಎಂದ. ಅದು ಎರಡು ಪಟ್ಟಿಗಿಂತ ಹೆಚ್ಚು.

"ಡಂಬಳದ ಹಾದ್ಯಾಗ ನೆರಳಿಲ್ಲ. ಲಕ್ಷ್ಮೇಶ್ವರದ ಹಾದಿಗೆ ಉದ್ದಕ್ಕೂ ಹುಣಸಿ ಗಿಡ ಅದಾವು. ತಂಪಾಗಿ ಹೋಗೂಣು."

"ನೆರಳು ಹುಡುಕ್ಕೋತ ಎರಡು ದಿನ ಬಿಸಲಾಗ ತಿರಗೂದೇನ್ರಿ?" ಎಂದಳು ನಮ್ಮ ಅವ್ವ ಅಂಬವ್ವ.

"ಹಾದಿ ವಿಚಾರ ನಿನಗ ತಿಳಿಯಂಗಿಲ್ಲ."

ನಿಜವಾದ ಕಾರಣ ನೆರಳಲ್ಲ. ಅಪ್ಪ ಹೊಸ ಸೈಕಲ್ ಕೊಂಡು ಹದಿನೈದು ದಿನವಾಗಿತ್ತು. ಲಕ್ಷ್ಮೇಶ್ವರದಲ್ಲಿ ಅವನ ದೊಡ್ಡಪ್ಪನ ಮಕ್ಕಳಿದ್ದರು. ಅವರು ಆ ಸೈಕಲನ್ನು ಇನ್ನೂ ನೋಡಿರಲಿಲ್ಲ.

ಮದುವೆಗೆ ಎರಡು ದಿನ ಮುಂಚೆ, ಬೆಳಗಾಗುವ ಮೊದಲೇ ಹೊರಟೆವು. ಒಂದೇ ಸೈಕಲ್ ಮೇಲೆ ಮೂವರು: ಮುಂದಿನ ದಂಡದ ಮೇಲೆ ಒಂಬತ್ತು ವರ್ಷದ ನಾನು, ಹಿಂದೆ ಕ್ಯಾರಿಯರ್ ಮೇಲೆ ಅವ್ವ. ಸೀರೆಯ ಗಂಟು ಹ್ಯಾಂಡಲ್‌ಗೆ. ಆ ಗಂಟಿನ ಸುತ್ತ ಅಪ್ಪ ನೀರಲ್ಲಿ ಅದ್ದಿದ ಗೋಣಿತಟ್ಟು ಸುತ್ತಿದ್ದ. ಬೇಸಿಗೆಯ ಒಣಗಾಳಿಗೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಪಟಪಟ ಕಡಿಯುತ್ತದೆ. ಅದಕ್ಕಾಗಿ ನೇಕಾರರು ಮಗ್ಗದ ಸುತ್ತ ಒದ್ದೆ ಗೋಣಿ ಕಟ್ಟುವುದುಂಟು. ಅಪ್ಪನಿಗೆ ಅದೇ ತಲೆಯಲ್ಲಿ.

"ಅದು ಮಗ್ಗದ ಮ್ಯಾಲಿನ ಮಾತಾತು. ನೇದು ಮಡಚಿಟ್ಟ ಸೀರಿಗೆ ಎಳಿ ಕಡಿಯೂದೆಲ್ಲಿ ಬಂತು?" ಎಂದಳು ಅವ್ವ.

"ಹೊಸಾ ಸೀರಿ ಅಂದ್ರ ಹಸಗೂಸು ಇದ್ದಂಗ."

"ಹಸಗೂಸಿಗೆ ಒದ್ದಿ ಗೋಣಿ ಸುತ್ತತಾರೇನ್ರಿ?"

ಅಪ್ಪ ಗಂಟೆ ಬಾರಿಸಿದ. ಅವನ ಉತ್ತರ ಸಾಮಾನ್ಯವಾಗಿ ಅದೇ ಆಗಿತ್ತು.

ಹುಣಸೆ ಮರಗಳು ಇದ್ದದ್ದು ಸುಳ್ಳಲ್ಲ. ಒಂದಕ್ಕೊಂದು ಅರ್ಧ ಮೈಲಿ ದೂರವಿದ್ದವು. ಹತ್ತು ಗಂಟೆಗೆಲ್ಲ ಎರೆಹೊಲಗಳ ಬಿರುಕುಗಳಿಂದ ಒಲೆಯ ಬಾಯಿಯ ಹಾಗೆ ಝಳ ಬರುತ್ತಿತ್ತು. ನಾನು ಕೂತ ದಂಡ ಕಾದು, ಕೆಳಗೆ ಮಡಚಿ ಹಾಕಿದ ಧೋತರವೂ ಸಾಲದಾಯಿತು. ಗಾಳಿ ಬಿಗಿಯಾಗಿ ತುಂಬಬೇಡಿ ಎಂದು ಅವ್ವ ಹೇಳಿದ್ದಳು, ಅದಕ್ಕೇ ಅಪ್ಪ ಬಿಗಿಯಾಗಿ ತುಂಬಿದ್ದ. ಹಿಂದಿನ ಟ್ಯೂಬು ಗುಂಡು ಹಾರಿಸಿದ ಹಾಗೆ ಒಡೆಯಿತು. ಮೇಯುತ್ತಿದ್ದ ಆಡುಗಳು ಚೆಲ್ಲಾಪಿಲ್ಲಿಯಾದವು. ಅಪ್ಪ ತೇಪೆ ಹಚ್ಚುವವರೆಗೆ ಅವ್ವ ಮರದಡಿ ಕೂತು ರೊಟ್ಟಿ, ಉಳ್ಳಾಗಡ್ಡಿ ಬಿಚ್ಚಿ, "ಬರ್ರಿ, ನೆರಳು ತಣ್ಣಗೈತಿ," ಎಂದು ಕರೆದಳು. ಸಿಕ್ಕ ಬಾವಿಯಲ್ಲೆಲ್ಲ ಅಪ್ಪ ಮೊದಲು ಗೋಣಿಗೆ ನೀರು ಹನಿಸಿ, ಆಮೇಲೆ ನಮಗೆ ಕುಡಿಸಿದ.

ಲಕ್ಷ್ಮೇಶ್ವರದಲ್ಲಿ ಅಪ್ಪನ ದೊಡ್ಡಪ್ಪನ ಮಕ್ಕಳು ಸೈಕಲ್ಲಿನ ಗಂಟೆ ಬಾರಿಸಿ ನೋಡಿದರು. ಹಿರಿಯವನು, "ಭಾಳ ಚಲೋ ಐತಿ ಬಿಡು. ಆದ್ರ ಮುಂಡರಗಿ ಆ ಕಡೆ ಅಲ್ಲೇನು?" ಎಂದು ಕೇಳಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ನಸುಕಿನಲ್ಲಿ ಹೊರಟು ಶಿರಹಟ್ಟಿಯಲ್ಲಿ ಚಹಾ ಕುಡಿಯಲು ಇಳಿದೆವು. ಎಂಟೊಂಬತ್ತು ವರ್ಷದ ಹಿಂದೆ ಲಕ್ಷ್ಮೇಶ್ವರ ಮಿರಜಿನ ದೊರೆಗಳದು, ಶಿರಹಟ್ಟಿ ಸಾಂಗಲಿಯವರದು, ನಮ್ಮ ಗದಗ ಇಂಗ್ಲಿಷರದು. ಈಗ ಎಲ್ಲ ಮುಂಬೈ ರಾಜ್ಯ. ಇನ್ನು ಕೆಲವೇ ತಿಂಗಳಲ್ಲಿ ಮೈಸೂರಿನವರ ಜೊತೆ ಕೂಡುವ ಮಾತು. ಚಹಾದಂಗಡಿಯ ಸಂಗಪ್ಪ ಅದನ್ನೇ ಹೇಳುತ್ತಿದ್ದ: "ಇನ್ನ ಕನ್ನಡದವ್ರೆಲ್ಲ ಒಂದ ಮನ್ಯಾಗ."

"ಮನಿ ಒಂದಾದ್ರ ಯಜಮಾನ ಯಾರು?" ಎಂದ ಅಪ್ಪ.

"ನಿಮ್ಮನ್ನ ಕೇಳಿ ಮಾಡ್ತಾರ ತಗೋರಿ," ಎಂದಳು ಅವ್ವ. ಅಂಗಡಿಯವರೆಲ್ಲ ನಕ್ಕರು. ಅಪ್ಪನೂ ನಕ್ಕ, ಗೋಣಿಗೆ ಮತ್ತೊಂದು ತಂಬಿಗೆ ನೀರು ಸುರಿದ.

ಶಿರಹಟ್ಟಿ ದಾಟಿ ಎಂಟು ಹತ್ತು ಮೈಲಿ ಬಂದಿರಬೇಕು. ನನ್ನ ಪಾದದ ಮೇಲೆ ಏನೋ ತೊಟ್ಟಿಕ್ಕುತ್ತಿತ್ತು. ಬಗ್ಗಿ ನೋಡಿದರೆ ಕೆಂಪು.

"ಅವ್ವಾ, ನನ್ನ ಕಾಲಿಂದ ರಕ್ತ ಬರಾಕ್ಹತ್ತೈತಿ."

ಅವ್ವ ಹಾರಿ ಇಳಿದಳು. ಕಾಲು ಒರೆಸಿ ನೋಡಿದಳು; ಗಾಯವಿರಲಿಲ್ಲ. ನಿಧಾನವಾಗಿ ತಲೆಯೆತ್ತಿ ಹ್ಯಾಂಡಲ್‌ಗೆ ತೂಗುಬಿದ್ದ ಗಂಟನ್ನು ನೋಡಿದಳು.

"ನನ್ನ ಸೀರಿ ಬಣ್ಣ ಬಿಡೂದಿಲ್ಲ," ಎಂದ ಅಪ್ಪ, ಯಾರೂ ಕೇಳದಿದ್ದರೂ.

"ಹಂಗಾರ ಕೂಸಿನ ಕಾಲಿಗೆ ಬಣ್ಣ ಯಾರು ಹಚ್ಚಿದ್ರು?"

ಬೇವಿನ ಮರದಡಿ ಗಂಟು ಬಿಚ್ಚಿದೆವು. ದಡಿಯ ಕೆಂಪು ಮಡಿಕೆಯಿಂದ ಮಡಿಕೆಗೆ ಇಳಿದಿತ್ತು. ಬಿಡಿಸಿದಂತೆಲ್ಲ ಬಿಳಿ ಮೈಯ ಮೇಲೆ ಒಂದೇ ಆಕಾರದ ಗುಲಾಬಿ ಕಲೆ, ಗೇಣಿಗೊಂದರಂತೆ, ಸೆರಗಿನವರೆಗೆ. ಅಕ್ಕಿಕಾಳು ಮರುದಿನ ಬೆಳಿಗ್ಗೆ. ಒಂದು ಸೀರೆ ನೇಯಲು ಬೇಕಾದದ್ದು ಎಂಟು ದಿನ.

ಅಪ್ಪ ಬಹಳ ಹೊತ್ತು ನೋಡಿ, "ಹೂವಿನಂಗ ಕಾಣತೈತಿ," ಎಂದ.

ಅವ್ವ ಬೈಯುತ್ತಾಳೆಂದು ನಾನು ಕಾದೆ. ಅವಳು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಕ್ಕು ಮುಗಿಸಿ, ಗೋಣಿಯನ್ನು ಹಿಂಡಿ ತನ್ನ ತಲೆಯ ಮೇಲೆ ಹಾಕಿಕೊಂಡು, "ನಡೀರಿ ಜಲ್ದಿ. ಹೊತ್ತು ಮುಳುಗೂದ್ರಾಗ ಮುಟ್ಟಬೇಕು," ಎಂದಳು.

ಮುಂಡರಗಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅತ್ತೆ ಸೀರೆ ನೋಡಿ ಕೈ ಬಾಯಿಗೆ ಒಯ್ದಳು.

"ವೈನಿ, ನಾಳೆ ಬೀಗರ ಮುಂದ ಏನ್ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ಒಂದು ಹಂಡೆ ನೀರು ತಾ. ಅರಿಷಿಣ ಎಷ್ಟೈತಿ?"

ಬುಡ್ಡೇಸಾಬ ಹೇಳಿದ್ದ ಎರಡು ನೀರನ್ನು ಅವ್ವ ಹಿತ್ತಲಲ್ಲಿ ಕಾಣಿಸಿದಳು. ಹೋಗುವಷ್ಟು ಕೆಂಪು ಹೋಯಿತು. ಮೂರನೆಯ ಹಂಡೆಯಲ್ಲಿ ಅರಿಷಿಣ ಕದಡಿ ಇಡೀ ಸೀರೆ ಅದ್ದಿದಳು. ಬಿಳಿ ಮೈ ಹಳದಿಯಾಯಿತು. ಕಲೆಗಳು ಅದರ ಮೇಲೆ ಓಕುಳಿ ಎರಚಿದ ಹಾಗೆ ಕೂತವು. ಕಾದ ನೆಲದ ಮೇಲೆ ಬೀಸುತ್ತಿದ್ದ ಗಾಳಿಗೆ ಒಂದು ತಾಸಿನಲ್ಲಿ ಒಣಗಿತು. ಆ ಎರಡು ದಿನದ ಸೆಕೆಯಿಂದ ಆದ ಒಂದೇ ಉಪಕಾರ ಅದು. ಅಷ್ಟು ಹೊತ್ತೂ ಅಪ್ಪ ಹೊರಗೆ ಕಟ್ಟೆಯ ಮೇಲೆ ಸೈಕಲ್ ಒರೆಸುತ್ತ ಕೂತಿದ್ದ.

ಮರುದಿನ ಅಕ್ಕಿಕಾಳು ಬಿದ್ದ ಮೇಲೆ ಬೀಗರ ಕಡೆಯ ಹೆಂಗಸರು ನೀಲಗಂಗವ್ವನ ಸೆರಗು ಹಿಡಿದು ನೋಡಿದರು. "ಅರಿಷಿಣದ ಮ್ಯಾಲ ಕುಂಕುಮದ ಓಕಳಿ. ಯಾರು ನೇದದ್ದವ್ವ ಇದು?" ಎಂದು ಒಬ್ಬಳು ಕೇಳಿದಳು. ಅಪ್ಪ ಗಂಡಸರ ಸಾಲಿನಿಂದ ಎದ್ದು ಬಂದು, "ನಾನ. ಬೇಕಂತನ ಹಂಗ ಮಾಡಿದ್ದು," ಎಂದ. ಅವ್ವ ಎಲೆಯಡಿಕೆ ಮಡಚುವುದನ್ನು ನಿಲ್ಲಿಸಲಿಲ್ಲ.

ಮದುವೆಯಾಗಿ ಮೂರನೆಯ ದಿನ ಬೆಳಿಗ್ಗೆ ಹೊರಟೆವು. ಊರ ಹೊರಗೆ ಹಾದಿ ಒಡೆಯುತ್ತದೆ: ಒಂದು ಶಿರಹಟ್ಟಿಗೆ, ಒಂದು ಡಂಬಳಕ್ಕೆ. ಅಲ್ಲಿ ಅಪ್ಪ ಒಂದು ಕಾಲು ನೆಲಕ್ಕೆ ಊರಿ ಸೈಕಲ್ ನಿಲ್ಲಿಸಿದ. ಚೈನು ಕಳಚಿರಲಿಲ್ಲ, ಗಾಳಿಯೂ ಇಳಿದಿರಲಿಲ್ಲ. ಹಿಂದೆ ತಿರುಗಿ ನೋಡದೆ, ಹ್ಯಾಂಡಲ್ಲಿನ ಮೇಲೆ ಕಣ್ಣಿಟ್ಟು ಕೇಳಿದ:

"ಯಾವ ಕಡೆ ಹೋಗೂಣು?"

ಕ್ಯಾರಿಯರ್ ಮೇಲಿಂದ, ಅಪ್ಪನ ತೋಳಿನ ಪಕ್ಕದಿಂದ ಅವ್ವನ ಕೈ ಮುಂದೆ ಬಂದು ಡಂಬಳದ ಹಾದಿ ತೋರಿಸಿತು. ಅಪ್ಪ ಹ್ಯಾಂಡಲ್ ಆ ಕಡೆ ತಿರುಗಿಸಿದ. ಗಂಟೆ ಬಾರಿಸಲಿಲ್ಲ.