ಅಮೀರ್ಬೀ ಬಿಟ್ಟು ಹೋದದ್ದು

ಶಹಾಬಾದಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಸ್ಲೈಡುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೌಲಾಲಿಗೆ ಊರವರ ರಕ್ತ, ಕಫ ಎಲ್ಲವೂ ಗೊತ್ತು; ಹಡೆದ ತಾಯಿಯ ಮುಖವೊಂದೇ ನೆನಪಿಲ್ಲ. ಅವನಿಗೆ ಆರು ವರ್ಷವಿದ್ದಾಗ ತಾಯಿ ಅಮೀರ್ಬೀಗೆ ಸೀತಾಳೆ ಸಿಡುಬು ಎದ್ದಿತು. ಹತ್ತಿರ ಹೋಗಬೇಡವೆಂದು ಎಲ್ಲರೂ ಗದರಿದರು. ಆ ಹಠಮಾರಿ ಹುಡುಗ ಕೇಳಬೇಕಲ್ಲ! ಒಂದು ಮಧ್ಯಾಹ್ನ ನುಸುಳಿ ಹೋಗಿ ಅವಳ ಹೊದಿಕೆಯೊಳಗೆ ಮಲಗಿಬಿಟ್ಟ. ಎರಡು ವಾರಕ್ಕೆ ಅವನ ಮೈಮೇಲೂ ಗುಳ್ಳೆ. ಅವನು ಉಳಿದ, ಅವಳು ಹೋದಳು. ಫೋಟೋ ಇಲ್ಲ, ಗೋರಿಯನ್ನೂ ಕಾಗಿಣಾ ಹೊಳೆ ಒಂದು ಮಳೆಗಾಲದಲ್ಲಿ ಎಳೆದೊಯ್ದಿತು. ಮಗಳ ಮದುವೆ ಮಾಡಿದ ಮೇಲೂ ಅವನಿಗೆ ಅಮ್ಮಿ ಬೇಕೆನಿಸುತ್ತಿತ್ತು.

ಐವತ್ತೆರಡನೆಯ ವಯಸ್ಸಿಗೆ ಸೊಂಟದ ಮೇಲೆ ಉರಿಯುವ ಗುಳ್ಳೆಗಳ ಸಾಲು ಎದ್ದಿತು. ಸರ್ಪಸುತ್ತು. ಡಾಕ್ಟರ್ ವಿಮಲಾಬಾಯಿ ನೋಡಿದರು.

"ಇದು ಹೊಸ ಜಡ್ಡಲ್ಲ, ಮೌಲಾಲಿಯವರೆ. ನಿಮ್ಮ ಸಣ್ಣಂದಿನ ಸೀತಾಳೆ ಸಿಡುಬಿಂದೇ ವೈರಸ್. ನರದ ಕೋಶದ ಕೇಂದ್ರದಾಗ ಹೊಕ್ಕು ಇಷ್ಟು ವರ್ಷ ಸುಮ್ಮ ಕುಂತಿತ್ತು. ಆ ಕೇಂದ್ರದಾಗ ಏನೋ ಅದನ್ನ ಅದುಮಿ ಹಿಡಿದಿರ್ತದ. ಏನಂತ ಇನ್ನೂ ಯಾರಿಗೂ ಪೂರಾ ತಿಳಿದಿಲ್ಲ."

"ಅಂದ್ರ ಅಮ್ಮಿ ಮೈಯಾಗಿದ್ದದ್ದೇ ಏನ್ರಿ?"

"ಅದರ ಸಂತಾನನೇ."

ಮೌಲಾಲಿ ಮರುದಿನ ಹೊಸ ಬಣ್ಣ ಕಲಸಿ, ಗುಳ್ಳೆ ಕೆರೆದು, ಅದನ್ನು ಕಣ್ಣಾರೆ ನೋಡಲೇಬೇಕೆಂದುಕೊಂಡು ಮನೆಗೆ ಬಂದು ಅಡ್ಡಾದ. ಎಚ್ಚರವಾದಾಗ ಹೆಂಡತಿ ಆಶಾಬಿ ಸೊಂಟದ ತುಂಬ ಕೆಮ್ಮಣ್ಣು, ಬೇವು ಅರೆದು ಮೆತ್ತಿದ್ದಳು. ಸರ್ಪದ ತಲೆ ಬಾಲ ಕೂಡಿದರೆ ಗಂಡ ಉಳಿಯುವುದಿಲ್ಲವೆಂಬ ಭಯ ಅವಳಿಗೆ. ಗುಳ್ಳೆಗಳೆಲ್ಲ ಒಡೆದು ಮಣ್ಣಾಗಿದ್ದವು.

"ಏನ್ ಮಾಡ್ದಿ! ನಮ್ಮ ಅಮ್ಮಿನ್ನ ಒರೆಸಿಬಿಟ್ಟೆಲ್ಲ!"

ಎಂದೂ ದನಿ ಏರಿಸದ ಗಂಡ ಹೀಗೆ ಕೂಗಿ ಅತ್ತದ್ದು ಕಂಡು ಆಶಾಬಿ ಕಂಗಾಲಾದಳು. ಸಂಗತಿ ಕೇಳಿದ ಮೇಲೆ ಅವನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು.

"ಅಳಬ್ಯಾಡ್ರಿ. ಬೆನ್ನೆಲುಬಿನ ಬಾಜು ಒಂದು ಉಳದದ. ನನ್ನ ಕೈ ಮುಟ್ಟಿಲ್ಲ."

ಮರುದಿನ ಅವಳೂ ಆಸ್ಪತ್ರೆಗೆ ಹೋದಳು. ಡಾಕ್ಟರಬಾಯಿ ಆ ಗುಳ್ಳೆಯನ್ನು ಕೆರೆದು ಕೊಟ್ಟರು; ಮೌಲಾಲಿ ತಾನೇ ಬಣ್ಣ ಹಾಕಿ, ತೊಳೆದು, ಒಣಗಿಸಿದ. ಕೋಶಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೇಂದ್ರದೊಳಗೆ ಕೆಂಪು ಉಂಡೆ, ಸುತ್ತ ಬಿಳಿಯ ಬಳೆ. ವೈರಸ್ಸಿನ ಈ ಗುರುತು ಬೇರೆಯವರ ಸ್ಲೈಡಿನಲ್ಲಿ ಎಷ್ಟೋ ಸಲ ಕಂಡದ್ದೇ. ಇವತ್ತು ಮಾತ್ರ ಕಣ್ಣು ತುಂಬಿ ಏನೂ ಕಾಣದಾಯಿತು.

"ಕಾಣಸ್ತಾರೇನ್ರಿ?" ಆಶಾಬಿ ಮೆಲ್ಲಗೆ ಕೇಳಿದಳು.

"ಬಾ, ನೀನೂ ನೋಡು. ನಿಮ್ಮ ಅತ್ತಿ."

ಅತ್ತೆಯನ್ನು ಎಂದೂ ಕಂಡಿರದ ಆಶಾಬಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು, ಆಮೇಲೆ ಬಾಗಿ ನೋಡಿದಳು.