ಸರಕಾರಕ್ಕೆ ತೋರಿಸಿದ ಸೌತೆಕಾಯಿ

ಲಾಕ್‌ಡೌನ್ ಶುರುವಾದಾಗ ನರಿಕೊಂಬು ಊರಿನ ನಮ್ಮ ಗದ್ದೆಯಲ್ಲಿ ಹುಳಿಗೆ ಹಾಕುವ ದಪ್ಪ ಸೌತೆಕಾಯಿ ಬೆಳೆದು ನಿಂತಿತ್ತು. ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ತರಕಾರಿ ಮಾಡುವುದು ನನ್ನ ಅತ್ತೆಯ ಕೆಲಸ. ಟೀಚರ್ ಆದ ನಾನು ಶಾಲೆ ಮುಚ್ಚಿದ್ದರಿಂದ ಆ ಬೇಸಗೆ ಅವರ ಕೈಗೆ ಸಿಕ್ಕಿಬಿದ್ದಿದ್ದೆ.

ಪಾಣೆಮಂಗಳೂರಿನ ಅಂಗಡಿಗಳು ಬಂದ್. ಕಾಯಿ ಒಯ್ಯುವ ಟೆಂಪೊದ ಸುದ್ದಿಯೇ ಇಲ್ಲ. ಎಲ್ಲವನ್ನೂ ಕೊಯ್ದು ತಂದು, ಕೆಡದಿರಲೆಂದು ಒಂದೊಂದರ ಕುತ್ತಿಗೆಗೂ ಬಾಳೆನಾರಿನ ಕುಣಿಕೆ ಹಾಕಿ ಮನೆಯ ಮಾಡಿನ ಕೆಳಗೆ ನೇತುಹಾಕಿದೆವು. ಚಾವಡಿ ತುಂಬಿತು, ಅಡುಗೆಕೋಣೆ ತುಂಬಿತು, ಕೊನೆಗೆ ನಾವು ಮಲಗುವ ಕೋಣೆಗೂ ಬಂತು. ಬೆಳಿಗ್ಗೆ ಸೌತೆಕಾಯಿ ದೋಸೆ, ಮಧ್ಯಾಹ್ನ ಸೌತೆಕಾಯಿ ಹುಳಿ, ರಾತ್ರಿ ಪಲ್ಯ. ಒಂದು ದಿನ ನನ್ನ ಗಂಡ ಊಟಕ್ಕೆ ಕೂತವರು ತಟ್ಟೆ ನೋಡಿ, ತಿನ್ನದೆಯೇ ಎದ್ದು ಕೈ ತೊಳೆದುಕೊಂಡರು.

ಅಷ್ಟರಲ್ಲಿ, ತರಕಾರಿ ಬೆಳೆದು ಮಾರಲಾಗದೆ ಕೂತವರಿಗೆ ಸರಕಾರ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಬಂತು. ಅರ್ಜಿ ಹಾಕಿದೆವು. ಇಲಾಖೆಯವರೊಬ್ಬರು ಫೋನ್ ಮಾಡಿ, "ನಾಳೆ ಬರ್ತೇನೆ. ಗದ್ದೆಯಲ್ಲಿ ಬೆಳೆಯ ಜೊತೆ ನಿಮ್ಮ ಫೋಟೊ ತೆಗೆಯಲಿಕ್ಕುಂಟು" ಅಂದರು.

ಅತ್ತೆ ಗಾಬರಿಯಾದರು. "ಗದ್ದೆಯಲ್ಲಿ ಈಗ ಎಂತ ಉಂಟು? ಒಣಗಿದ ಬಳ್ಳಿ!"

"ಇದ್ದದ್ದನ್ನೇ ಹೇಳುವ, ಅತ್ತೆ. ನಾವು ಬೆಳೆದದ್ದು ಸುಳ್ಳಲ್ಲವಲ್ಲ."

"ನಿನ್ನ ಮಾತು ಫೋಟೊದಲ್ಲಿ ಬೀಳ್ತದಾ?"

ಬೆಳಿಗ್ಗೆ ಕಾಫಿಗೂ ಮೊದಲೇ ಮಾಡಿನಿಂದ ಕಾಯಿಗಳನ್ನು ಕಿತ್ತು ಬುಟ್ಟಿಗೆ ತುಂಬಿ ಗದ್ದೆಗೆ ಹೊತ್ತೆವು. ಅತ್ತೆ ಅವನ್ನು ಮದುವೆ ಊಟಕ್ಕೆ ಎಲೆ ಹಾಕಿದ ಹಾಗೆ ಸಾಲಾಗಿ ಜೋಡಿಸಿದರು. "ಹೀಗೆ ಸಾಲಾಗಿ ಬೆಳೆಯುವುದಿಲ್ಲ" ಎಂದೆ. ಒಂದೆರಡನ್ನು ಕಾಲಲ್ಲಿ ಆಚೀಚೆ ಉರುಳಿಸಿ, ಮೇಲೆ ಒಣಬಳ್ಳಿ ಹೊದೆಸಿದರು.

ಮಾಸ್ಕ್ ಹಾಕಿದ ತೆಳ್ಳಗಿನ ಅಧಿಕಾರಿ ಬಂದರು. ಅತ್ತೆ ಒಳ್ಳೆಯ ಸೀರೆಯುಟ್ಟು ಬೆಳೆಯ ನಡುವೆ ನೆಟ್ಟಗೆ ನಿಂತರು. ಅಧಿಕಾರಿ ಮೊಬೈಲ್ ಎತ್ತಿದವರು ಕೆಳಗಿಳಿಸಿದರು. ಬಗ್ಗಿ ಒಂದು ಕಾಯಿ ಎತ್ತಿದರು. ಬಾಳೆನಾರು ಬಿಚ್ಚಲು ನಮಗೆ ನೆನಪೇ ಆಗಿರಲಿಲ್ಲ. ಕುಣಿಕೆ ಅವರ ಮೂಗಿನ ಮುಂದೆ ತೂಗಾಡಿತು.

"ಅಮ್ಮಾ, ಇದು ಯಾವ ತಳಿ? ಹಗ್ಗದ ಸಮೇತ ಬೆಳೀತದಾ?"

ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಅತ್ತೆ ಮಾತ್ರ ಅಲುಗಾಡದೆ ಹೇಳಿದರು: "ಕಳ್ಳರ ಕಾಟ ಮಾರಾಯ್ರೇ. ಕಟ್ಟಿಹಾಕಿದ್ದು."

ಅಧಿಕಾರಿ ಗದ್ದೆಯ ಬದುವಿನ ಮೇಲೆ ಕೂತೇಬಿಟ್ಟರು. ನಕ್ಕು ನಕ್ಕು ಮಾಸ್ಕ್ ಗಲ್ಲಕ್ಕಿಳಿಯಿತು. ಅವರು ನಕ್ಕದ್ದು ಕಂಡು ನಾನೂ ನಕ್ಕೆ. ಅತ್ತೆ ಇಬ್ಬರನ್ನೂ ದುರುಗುಟ್ಟಿ ನೋಡಿದರು.

"ಒಣಬಳ್ಳಿಯೇ ಸಾಕಿತ್ತಮ್ಮ," ಎಂದು ಅಧಿಕಾರಿ ಕಣ್ಣೊರೆಸಿಕೊಂಡರು. "ಬೆಳೆದ ಗುರುತು ಇದ್ದರೆ ಆಯಿತು."

ಕಾಯಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಬರೀ ಬಳ್ಳಿಯ ಜೊತೆ ಅತ್ತೆಯ ಫೋಟೊ ತೆಗೆದರು. ಹೊರಡುವಾಗ ಅತ್ತೆ ಒಂದು ಬುಟ್ಟಿ ತುಂಬಾ ಕಾಯಿ ಮುಂದಿಟ್ಟರು. ಅಧಿಕಾರಿ ಕೈಮುಗಿದರು. "ಬೇಡಮ್ಮ. ಹೋದಲ್ಲೆಲ್ಲ ಇದನ್ನೇ ಕೊಡ್ತಾರೆ. ಇನ್ನು ಒಂದು ಕಾಯಿ ತಂದರೂ ಮನೆ ಬಾಗಿಲು ತೆಗೆಯುವುದಿಲ್ಲ ಅಂದಿದ್ದಾಳೆ ಹೆಂಡತಿ."

ಬುಟ್ಟಿಗಳನ್ನು ವಾಪಸು ಹೊತ್ತು ತಂದೆವು.

ಪರಿಹಾರ ಮಳೆಗಾಲದಲ್ಲಿ ಅತ್ತೆಯ ಖಾತೆಗೆ ಬಂತು. ಅಂದೇ ನನ್ನನ್ನು ಕರೆದುಕೊಂಡು ಪಾಣೆಮಂಗಳೂರಿಗೆ ಹೋದರು. ಎರಡು ಕೋಳಿ, ಒಂದು ಕಟ್ಟು ಒಣರೊಟ್ಟಿ ತಂದು ಸಾರು ಮಾಡಿ ಬಡಿಸಿದರು. ಎಲ್ಲರೂ ತಟ್ಟೆ ಬರಿದಾಗುವವರೆಗೆ ತಿಂದೆವು. ಅತ್ತೆ ಬೆರಳು ನೆಕ್ಕುತ್ತಾ, "ಸರಕಾರದ ಕೋಳಿಗೆ ಉಪ್ಪು ಸ್ವಲ್ಪ ಕಡಿಮೆ," ಎಂದರು.